ಅವೊಗಶಿಮದ ಹಬೆ ಒಲೆ, ಹಬೆಸ್ನಾನ, ಮತ್ತು ಅಲ್ಲಿಗೆ ಒಯ್ಯುವ ಹಡಗು: ಅಂಕಪಟ್ಟಿ ಸಮೇತ ಒಂದು ವಿಮರ್ಶೆ

ಮುನ್ನೂರು ಯೆನ್ ಕೊಟ್ಟರೆ ಹಬೆಸ್ನಾನ. ಪಕ್ಕದಲ್ಲೇ ಇರುವ ಹಬೆ ಒಲೆಗೆ ದುಡ್ಡೇ ಇಲ್ಲ. ಎರಡಕ್ಕೂ ಸೌದೆ ಬೇಡ, ಗ್ಯಾಸ್ ಬೇಡ. 1785ರಲ್ಲಿ ಊರಿಗೆ ಊರನ್ನೇ ಖಾಲಿ ಮಾಡಿಸಿದ ಜ್ವಾಲಾಮುಖಿಯ ಉಸಿರೇ ಇವತ್ತು ಅಲ್ಲಿ ಗೆಣಸು ಬೇಯಿಸುತ್ತದೆ. ಜಪಾನಿನ ಅವೊಗಶಿಮ ಹಳ್ಳಿಯವರು ಬೆಟ್ಟದ ಹೊಟ್ಟೆಯೊಳಗೆ ನಡೆಸುತ್ತಿರುವ ಈ ಪುಟ್ಟ ವ್ಯವಸ್ಥೆಗೆ ಐದಕ್ಕೆ ಐದು ಅಂಕ. ಅಲ್ಲಿಗೆ ಹೋಗಿ ಬರುವ ಏರ್ಪಾಡಿಗೆ ಎರಡೂವರೆ. ಈ ಎರಡೂವರೆಗೆ ಹೆಚ್ಚಿನವರು ಹಡಗಿನವರನ್ನು ಬೈಯುತ್ತಾರೆ. ದ್ವೀಪದ ಆಕಾರ ಒಮ್ಮೆ ತಲೆಗೆ ಹೋದರೆ ಬೈಗುಳ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲು ಆಕಾರದ ಮಾತು.

ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 358 ಕಿ.ಮೀ. ದೂರ, ಇಜು ದ್ವೀಪಸಾಲಿನಲ್ಲಿ ಜನವಸತಿ ಇರುವ ಕೊನೆಯ ಕಲ್ಲು ಇದು. ಕಾಗದಪತ್ರದ ಲೆಕ್ಕದಲ್ಲಿ ಇದೂ ಟೋಕಿಯೊವೇ. ಊರಿನ ಕಾರುಗಳಿಗೆ ಶಿನಗಾವ ಎಂದು ಬರೆದ ರಾಜಧಾನಿಯ ನಂಬರ್ ಪ್ಲೇಟ್ ಇರುತ್ತದೆ. ಉತ್ತರ ದಕ್ಷಿಣ ಮೂರೂವರೆ ಕಿ.ಮೀ., ಪೂರ್ವ ಪಶ್ಚಿಮ ಎರಡೂವರೆ, ಒಟ್ಟು ವಿಸ್ತೀರ್ಣ ಆರು ಚದರ ಕಿ.ಮೀ.ಗೆ ಕೂದಲೆಳೆ ಕಡಿಮೆ. ಜನ 170ರ ಆಸುಪಾಸು. ಸ್ವಂತ ಆಡಳಿತವಿರುವ ಜಪಾನಿನ ಊರುಗಳಲ್ಲಿ ಇದಕ್ಕಿಂತ ಕಡಿಮೆ ಜನರಿರುವ ಊರು ಇನ್ನೊಂದಿಲ್ಲ. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆ ಇದೆ, ಪ್ರೌಢಶಾಲೆ ಇಲ್ಲ. ಹದಿನೈದು ತುಂಬಿದ ಮಕ್ಕಳು ಓದಲು ದ್ವೀಪ ಬಿಟ್ಟು ಹೋಗಲೇಬೇಕು.

ದೊಡ್ಡ ಬೋಗುಣಿಯೊಂದರ ನಡುವೆ ಚಿಕ್ಕ ಬಟ್ಟಲನ್ನು ಬೋರಲು ಹಾಕಿದರೆ ಹೇಗಿರುತ್ತದೋ ಅವೊಗಶಿಮ ಹಾಗಿದೆ. ಬೋಗುಣಿಯ ಅಂಚೇ ಹೊರಗಿನ ಬೆಟ್ಟಗಳ ಸುತ್ತು. ಅದರ ಅತಿ ಎತ್ತರದ ಜಾಗ ಒತೊಂಬು, 423 ಮೀಟರ್. ಬೋಗುಣಿಯ ತಳ ಇಕೆನೊಸಾವ ಎಂಬ ಕ್ಯಾಲ್ಡೆರಾ, ಅಂದರೆ ಜ್ವಾಲಾಮುಖಿಯ ನೆತ್ತಿ ಕುಸಿದು ಆದ ದೊಡ್ಡ ಕುಳಿ, ಸುಮಾರು ಒಂದೂವರೆ ಕಿ.ಮೀ. ಅಗಲದ್ದು. ಬೋರಲು ಹಾಕಿದ ಬಟ್ಟಲು ಮರುಯಾಮ, 223 ಮೀಟರ್ ಎತ್ತರದ ಗುಡ್ಡ. ಅದರ ಮೈಮೇಲೆ ಸಾಲಾಗಿ ನೆಟ್ಟ ಮರಗಳಿಂದಾಗಿ ಮೇಲಿನಿಂದ ನೋಡಿದರೆ ಕುಂಬಳಕಾಯಿಯ ಹಾಗೆ ಪಟ್ಟೆಪಟ್ಟೆ ಕಾಣುತ್ತದೆ. ಬೋಗುಣಿಯ ಹೊರಮೈ ನೇರ ಸಮುದ್ರಕ್ಕೆ ಕಡಿದುಹೋಗಿದೆ. ಮರಳಿನ ದಂಡೆ ಇಲ್ಲ, ಕೊಲ್ಲಿ ಇಲ್ಲ, ಹಡಗು ಗಾಳಿಗೆ ಬೆನ್ನು ಕೊಟ್ಟು ನಿಲ್ಲುವಂಥ ಒಂದು ಮೂಲೆಯೂ ಇಲ್ಲ. ಜನರ ಮನೆಗಳಿರುವುದು ಬೋಗುಣಿಯ ಒಳಗಲ್ಲ, ಉತ್ತರದ ಅಂಚಿನ ಮೇಲೆ. ಹಬೆ ಇರುವುದು ಒಳಗೆ. ಬಂದರು ಇರುವುದು ನೈಋತ್ಯಕ್ಕೆ, ಗೋಡೆಯಂಥ ಬಂಡೆಯ ಬುಡದಲ್ಲಿ. ಈ ಮೂರನ್ನೂ ಜೋಡಿಸುವುದು ಬೆಟ್ಟ ಕೊರೆದು ಮಾಡಿದ ಸುರಂಗಗಳು. ಹಳ್ಳಿಯಿಂದ ಸುರಂಗ ದಾಟಿ ಬೋಗುಣಿಗೆ ಇಳಿದು, ಇನ್ನೊಂದು ಸುರಂಗದಿಂದ ಬಂದರಿಗೆ ಹೊರಬೀಳಬೇಕು.

ಇಕೆನೊಸಾವ ಎಂಬ ಹೆಸರಲ್ಲೇ ‘ಕೊಳ’ ಇದೆ. ಈಗ ಅಲ್ಲಿ ಕೊಳವಿಲ್ಲ. ಹದಿನೆಂಟನೇ ಶತಮಾನದಲ್ಲಿ ದೊಡ್ಡದೊಂದು, ಚಿಕ್ಕದೊಂದು ಎರಡು ಕೊಳಗಳಿದ್ದವು. ಬಾವಿ ತೋಡಲಾಗದ ದ್ವೀಪಕ್ಕೆ ಅವೇ ಆಸರೆ. 1780ರಲ್ಲಿ ನೆಲ ನಡುಗಲು ಶುರುವಾಯಿತು, ಬೋಗುಣಿಯೊಳಗಿಂದ ಬಿಸಿನೀರು ಉಕ್ಕಿ ಕೊಳದ ಮಟ್ಟ ಏರಿತು. 1783ರಲ್ಲಿ ಬೆಂಕಿ, ಬೂದಿ. 1785ರ ವಸಂತದಲ್ಲಿ ಕೊನೆಯ ಹೊಡೆತ. ಆಗ ದ್ವೀಪದಲ್ಲಿದ್ದವರು 327 ಜನ. ಪಕ್ಕದ ಹಾಚಿಜೊಜಿಮ ದ್ವೀಪದಿಂದ ಬಂದ ದೋಣಿಗಳು ಹಿಡಿಸಿದಷ್ಟು ಮಂದಿಯನ್ನು ಕರೆದೊಯ್ದವು. 130ರಿಂದ 140 ಮಂದಿ ಸತ್ತರು. ಬಂದರಿಲ್ಲದ ದ್ವೀಪದಲ್ಲಿ ಬೆಂಕಿ ಎದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಲೆಕ್ಕವೇ ಸಾಕ್ಷಿ: ಕೊಂದದ್ದು ಬರೀ ಲಾವಾ ಅಲ್ಲ, ದೋಣಿ ನಿಲ್ಲಲು ಜಾಗವಿಲ್ಲದಿದ್ದುದೂ ಹೌದು.

ಬದುಕಿ ಹೋದವರು ಹಾಚಿಜೊಜಿಮದಲ್ಲಿ ಮಂದಿಯ ಹಂಗಿನಲ್ಲಿ ದಿನ ದೂಡಿದರು. ಮರಳುವ ಮೊದಲ ಪ್ರಯತ್ನಗಳನ್ನು ಸಮುದ್ರ ನುಂಗಿತು. 1817ರಲ್ಲಿ ಸಾಸಾಕಿ ಜಿರೊದಾಯು ಎಂಬ ಊರ ಮುಖ್ಯಸ್ಥ ಕೆಲಸ ಕೈಗೆತ್ತಿಕೊಂಡ. 1824ರ ಹೊತ್ತಿಗೆ ಬಹುಪಾಲು ಜನ ವಾಪಸ್ ಬಂದರು, 1835ರಲ್ಲಿ ಸರ್ಕಾರದ ಭೂಮಾಪನ ನಡೆದು ತೆರಿಗೆ ಪುಸ್ತಕಕ್ಕೆ ಊರು ಮತ್ತೆ ಸೇರಿತು. ಐವತ್ತು ವರ್ಷ. ಜಪಾನಿನಲ್ಲಿ ಈ ಮರಳುವಿಕೆಗೆ ‘ಕಾಂಜು’ ಎಂಬ ಪ್ರತ್ಯೇಕ ಪದವೇ ನಿಂತಿದೆ. ಆಮೇಲೆ ಜ್ವಾಲಾಮುಖಿ ಉಗುಳಿಲ್ಲ, ಆದರೆ ತಣ್ಣಗಾಗಿಯೂ ಇಲ್ಲ. ಬೋಗುಣಿಯ ಒಳಗೋಡೆಯಲ್ಲಿ, ಮರುಯಾಮದ ಬುಡದಲ್ಲಿ ಬಿಸಿಹಬೆ ಹೊರಡುವ ಬಿರುಕುಗಳಿವೆ. ಊರವರು ಅವನ್ನು ‘ಹಿಂಗ್ಯ’ ಎನ್ನುತ್ತಾರೆ. ಈ ಒಂದು ಪದ ಕಲಿತು ಹೋಗಿ. ಅಲ್ಲಿ ಅರ್ಧ ಸಂಭಾಷಣೆ ಅದರ ಸುತ್ತಲೇ.

ಈಗ ಒಲೆ.

ಹಬೆಸ್ನಾನದ ಕಟ್ಟಡದ ಹೊರಗೆ, ಬಯಲಿನಲ್ಲಿ, ನೆಲದ ಹಬೆಯನ್ನು ಕೊಳವೆಯಲ್ಲಿ ತಂದು ಮುಚ್ಚಳದ ಪೆಟ್ಟಿಗೆಗಳಿಗೆ ಬಿಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು. ತತ್ವ ನಮ್ಮ ಇಡ್ಲಿ ಪಾತ್ರೆಯದೇ. ಕೆಳಗಿನ ನೀರನ್ನು ಕುದಿಸುವ ಕೆಲಸ ಮಾತ್ರ ಭೂಮಿಯದು. ಕ್ರಮ ಹೀಗೆ. ಮುಚ್ಚಳ ತೆಗೆಯುವ ಮೊದಲೇ ಹಬೆ ಬರುವ ತಿರುಪು ಮುಚ್ಚಿದೆಯೇ ನೋಡಿ. ಪದಾರ್ಥ ಇಟ್ಟು, ಮುಚ್ಚಳ ಸರಿಯಾಗಿ ಕೂರಿಸಿ, ಆಮೇಲೆ ತಿರುಪು ನಿಧಾನ ತೆರೆಯಿರಿ. ಬೆಂದ ಮೇಲೆ ಮೊದಲು ತಿರುಪು ಮುಚ್ಚಿ, ಒಳಗಿನ ಹಬೆ ಹೊರಹೋಗಲು ಒಂದೆರಡು ನಿಮಿಷ ಕೊಡಿ, ನಂತರ ಮುಚ್ಚಳವನ್ನು ನಿಮ್ಮ ಕಡೆಗಲ್ಲ, ಆಚೆ ಕಡೆಗೆ ವಾಲಿಸಿ ಎತ್ತಿ. ಈ ಕೊನೆಯ ಎರಡು ಹೆಜ್ಜೆಯಲ್ಲೇ ಜನ ಕೈ ಸುಟ್ಟುಕೊಳ್ಳುವುದು. ಹಬೆ ಕಣ್ಣಿಗೆ ಕಾಣುವ ಬಿಳಿ ಮೋಡವಲ್ಲ. ಸುಡುವುದು ಆ ಮೋಡಕ್ಕಿಂತ ಮುಂಚೆ ಬರುವ, ಕಾಣದ ಪದರ. ದಪ್ಪ ಕೈಗವಸು, ಉದ್ದ ಹಿಡಿಯ ಇಕ್ಕಳ ಇಲ್ಲದೆ ಒಲೆಯ ಹತ್ತಿರ ಹೋಗಬೇಡಿ.

ಎಷ್ಟು ಹೊತ್ತು? ಹೆಚ್ಚಿನವರು ಅಡುಗೆಮನೆಯ ಅಂದಾಜು ಹಾಕಿ ಹಸಿಗೆಣಸು ತಿನ್ನುವುದು ಇಲ್ಲೇ. ಮನೆಯ ಕುಕ್ಕರಿನೊಳಗೆ ಒತ್ತಡವಿರುವುದರಿಂದ ಉಷ್ಣತೆ ನೂರು ಡಿಗ್ರಿ ದಾಟುತ್ತದೆ. ಇಲ್ಲಿ ಒತ್ತಡ ಇಲ್ಲ, ನೂರರ ಮೇಲೆ ಹೋಗುವ ಮಾತೇ ಇಲ್ಲ. ಮೇಲಾಗಿ ತಣ್ಣಗಿರುವ ಪೆಟ್ಟಿಗೆಯ ಗೋಡೆ ಮೊದಲ ಐದು ಹತ್ತು ನಿಮಿಷದ ಶಾಖವನ್ನು ತಾನೇ ಕುಡಿಯುತ್ತದೆ. ಮೊಟ್ಟೆಗೆ 15ರಿಂದ 20 ನಿಮಿಷ ಹಿಡಿಯಿರಿ. ಸಾಸೇಜಿಗೆ 15. ಮುಷ್ಟಿ ಗಾತ್ರದ ಗೆಣಸಿಗೆ 45ರಿಂದ 60. ಅದಕ್ಕಿಂತ ದಪ್ಪದ್ದಾದರೆ ಇಬ್ಭಾಗ ಮಾಡಿ ಇಡುವುದೇ ಜಾಣತನ. ಆಲೂಗಡ್ಡೆಗೂ ಗೆಣಸಿನದೇ ಲೆಕ್ಕ. ಮೀನಿನ ತುಂಡು 20 ನಿಮಿಷಕ್ಕೆ ಬೇಯುತ್ತದೆ, ಆದರೆ ಅದನ್ನು ಹಾಳೆಯಲ್ಲಿ ಸುತ್ತದೆ ಇಟ್ಟರೆ ನಿಮ್ಮ ನಂತರದವರ ಗೆಣಸಿಗೂ ಮೀನಿನ ವಾಸನೆ. ನಡುನಡುವೆ ಮುಚ್ಚಳ ತೆಗೆದು ‘ಆಯ್ತಾ’ ಎಂದು ನೋಡುವವರು ಪ್ರತಿ ಸಲಕ್ಕೂ ಐದೈದು ನಿಮಿಷ ಸೇರಿಸಿಕೊಳ್ಳಬೇಕು. ಗೆಣಸನ್ನು ಎಲ್ಲಕ್ಕಿಂತ ಮೊದಲು ಇಟ್ಟು, ಸ್ನಾನ ಮುಗಿಸಿ ಬಂದು ಮೊಟ್ಟೆ ಇಡುವುದು ಸರಿಯಾದ ಕ್ರಮ.

ಹಿಂಗ್ಯದ ಹಬೆಯಲ್ಲಿ ಗಂಧಕದ ಕಟುವಾಸನೆ ತೀರಾ ಕಡಿಮೆ. ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಮೊಟ್ಟೆ ಸಿಪ್ಪೆ ಕಪ್ಪಾಗುವುದು ನೋಡಿದವರಿಗೆ ಇದು ಸಪ್ಪೆ ಅನ್ನಿಸಬಹುದು. ಅಡುಗೆಗೆ ಮಾತ್ರ ಅದೇ ಲಾಭ: ಗೆಣಸಿಗೆ ಗೆಣಸಿನ ರುಚಿಯೇ ಉಳಿಯುತ್ತದೆ.

ಬೋಗುಣಿಯೊಳಗೆ ಅಂಗಡಿ ಇಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಇಡೀ ದ್ವೀಪಕ್ಕೆ ದಿನಸಿ ಅಂಗಡಿ ಒಂದೇ, ಅದೂ ಮೇಲೆ ಹಳ್ಳಿಯಲ್ಲಿ. ಮೊಟ್ಟೆ, ತರಕಾರಿ, ಉಪ್ಪು, ನೀರು ಎಲ್ಲ ಅಲ್ಲಿಂದಲೇ ಕೊಂಡು ಇಳಿಯಬೇಕು. ಹಡಗು ಎರಡು ಮೂರು ಸರದಿ ತಪ್ಪಿಸಿದ ವಾರ ಹಸಿ ತರಕಾರಿಯ ಕಪಾಟು ಬರಿದಾಗಿರುತ್ತದೆ. ಅಂಥ ದಿನ ಊರವರಿಗೆ ಬೇಕಾದ ಕೊನೆಯ ಡಜನ್ ಮೊಟ್ಟೆಯನ್ನು ಪ್ರವಾಸಿ ಹೊತ್ತೊಯ್ಯುವುದು ಚೆನ್ನಾಗಿರುವುದಿಲ್ಲ. ಹಳ್ಳಿಯಿಂದ ಒಲೆಯವರೆಗೆ ನಡೆದರೆ ಒಂದು ಗಂಟೆಗಿಂತ ಮೇಲೆ, ಹೋಗುವಾಗ ಇಳಿಜಾರು, ಬರುವಾಗ ಏರು. ಹಬೆಸ್ನಾನ ಮಾಡಿ ಸೋತ ಮೈಯಲ್ಲಿ ಆ ಏರು ಹತ್ತುವುದು ಶಿಕ್ಷೆಯೇ ಸರಿ. ಬಾಡಿಗೆ ಕಾರು ಸಿಗುತ್ತದೆ. ಜಪಾನಿನಲ್ಲಿ ನಡೆಯುವುದು 1949ರ ಜಿನೀವಾ ಒಪ್ಪಂದದ ಮಾದರಿಯ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾತ್ರ, ಅದನ್ನು ಹೊರಡುವ ಮೊದಲೇ ಮಾಡಿಸಿಕೊಂಡಿರಬೇಕು. ಸುರಂಗಗಳಲ್ಲಿ ಬೆಳಕು ಕಡಿಮೆ, ಹೊರಗೆ ಮಂಜು ಜಾಸ್ತಿ. ದೀಪ ಹಾಕಿಯೇ ಓಡಿಸಿ.

ಹಬೆಸ್ನಾನಕ್ಕೆ ಬರೋಣ. ಹೆಸರು ‘ಫುರೆಆಯ್ ಸೌನಾ’. ಹೊರಗಿನಿಂದ ನೋಡಿದರೆ ಪಂಚಾಯ್ತಿ ಕಟ್ಟಿಸಿದ ಸಮುದಾಯ ಭವನದ ಹಾಗಿದೆ, ಒಳಗೂ ಹೆಚ್ಚುಕಮ್ಮಿ ಹಾಗೆಯೇ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಭಾಗ; ಮೈ ತೊಳೆಯುವ ಜಾಗ, ಚಿಕ್ಕ ತೊಟ್ಟಿ, ಹಬೆ ಕೋಣೆ. ಹಬೆ ಕೋಣೆಯ ಉಷ್ಣತೆ ಅರವತ್ತು ಡಿಗ್ರಿಯ ಆಸುಪಾಸು. ಎಂಬತ್ತು ತೊಂಬತ್ತರ ಒಣ ಸೌನಾ ರೂಢಿಯಿರುವವರು ಈ ಅಂಕಿ ಕೇಳಿ ನಗುತ್ತಾರೆ, ಹತ್ತು ನಿಮಿಷದಲ್ಲಿ ಹೊರಗೆ ಬಂದು ನೀರು ಕೇಳುತ್ತಾರೆ. ಒಣಗಾಳಿಯಲ್ಲಿ ಬೆವರು ಆರಿ ಮೈ ತಣ್ಣಗಾಗುತ್ತದೆ. ಇಲ್ಲಿ ಗಾಳಿಯೇ ನೀರಿನಿಂದ ಗಿಡಿದಿರುವಾಗ ಬೆವರು ಆರಲು ಜಾಗವಿಲ್ಲ. ಎಂಟು ನಿಮಿಷ ಒಳಗೆ, ಐದು ನಿಮಿಷ ಹೊರಗೆ, ಹೀಗೆ ಎರಡು ಸುತ್ತು ಸಾಕು. ಟವೆಲ್ ನಿಮ್ಮದೇ ಇರಲಿ. ವಾರದ ದಿನಗಳಲ್ಲಿ ಸಂಜೆ ಮಾತ್ರ ತೆರೆಯುತ್ತದೆ, ವಾರಕ್ಕೊಂದು ರಜೆಯೂ ಉಂಟು. ಆ ವಾರದ ವೇಳೆಯನ್ನು ಉಳಿದುಕೊಂಡ ಮನೆಯವರಲ್ಲೋ ಗ್ರಾಮ ಕಚೇರಿಯಲ್ಲೋ ಕೇಳಿಯೇ ಇಳಿಯಿರಿ. ಒಲೆಗೆ ಈ ಕಟ್ಟುಪಾಡಿಲ್ಲ.

ಪಕ್ಕದಲ್ಲೇ ಡೇರೆ ಹಾಕುವ ಮೈದಾನ ಇದೆ, ಶುಲ್ಕವಿಲ್ಲ, ಗ್ರಾಮ ಕಚೇರಿಗೆ ಮುಂಚೆ ಅರ್ಜಿ ಕೊಡಬೇಕು ಅಷ್ಟೆ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಡೇರೆ ಹೂಡುವ ಸಾಹಸ ಬೇಡ. ಹುಲ್ಲು ಬೆಳೆಯದೆ ಬೋಳಾಗಿರುವ ಮಣ್ಣಿನ ಕೆಳಗೆ ಹಬೆ ಇರುತ್ತದೆ; ಸೊಗಸಾಗಿ ಬೆಚ್ಚಗಿದೆ ಎಂದು ಅದರ ಮೇಲೆ ಹಾಸಿದ ಡೇರೆಯ ತಳ ಬೆಳಗಾಗುವುದರೊಳಗೆ ಒದ್ದೆಮುದ್ದೆ. ಗೋಡೆಯ ಬಿರುಕುಗಳ ಹತ್ತಿರ ಮಣ್ಣು ಪೊಳ್ಳಾಗಿರುವುದೂ ಉಂಟು, ಕಾಲಿಡಬೇಡಿ. ಒಳ್ಳೆಯದೂ ಇದೆ: ನಾಲ್ಕೂ ಕಡೆ ಬೆಟ್ಟದ ಗೋಡೆ ಇರುವುದರಿಂದ ಗಾಳಿ ಮೇಲೇ ಹಾದುಹೋಗುತ್ತದೆ, ಊರಿನ ದೀಪ ಒಂದೂ ಕಾಣುವುದಿಲ್ಲ, ಮೋಡವಿಲ್ಲದ ರಾತ್ರಿ ಬೋಗುಣಿಯ ಬಾಯಿಯಷ್ಟಗಲ ನಕ್ಷತ್ರ.

ಇದೇ ಹಬೆಯ ಇನ್ನೊಂದು ಸರಕು ‘ಹಿಂಗ್ಯ ಉಪ್ಪು’. ಸಮುದ್ರದ ನೀರನ್ನು ಬೆಂಕಿಯಲ್ಲಿ ಕುದಿಸದೆ ಹಬೆಯ ಶಾಖದಲ್ಲಿ ದಿನಗಟ್ಟಲೆ ಇಂಗಿಸಿ ಹರಳು ಕಟ್ಟಿಸುತ್ತಾರೆ. ನಿಧಾನಕ್ಕೆ ಕಟ್ಟಿದ ಹರಳು ದಪ್ಪ. ಸಾರಿಗೆ ಹಾಕಿದರೆ ವಿಶೇಷವೇನೂ ತಿಳಿಯುವುದಿಲ್ಲ, ಕರಗಿದ ಮೇಲೆ ಉಪ್ಪು ಉಪ್ಪೇ. ಬೆಂದ ಗೆಣಸಿನ ಮೇಲೆ, ಮೊಟ್ಟೆಯ ಮೇಲೆ ಕೊನೆಗೆ ಉದುರಿಸಿದರೆ ಮಾತ್ರ ಕೊಟ್ಟ ಬೆಲೆಗೆ ನ್ಯಾಯ. ದ್ವೀಪದಿಂದ ಒಯ್ಯಲು ಹಗುರವಾದ, ಕೆಡದ, ಒಡೆಯದ ವಸ್ತು ಇದೊಂದೇ, ನಾಲ್ಕು ಅಂಕ.

‘ಅವೊಚು’ ಎಂಬ ಗೆಣಸಿನ ಷೋಚು ಮದ್ಯಕ್ಕೆ ಅಂಕ ಕೊಡುವುದು ಕಷ್ಟ, ಏಕೆಂದರೆ ಅದು ಒಂದೇ ಮದ್ಯವಲ್ಲ. ಹಿಂದೆ ಮನೆಮನೆಯ ಹೆಂಗಸರು ಗಂಡಂದಿರಿಗಾಗಿ ಕಾಯಿಸುತ್ತಿದ್ದದ್ದು. ಈಗ ಒಂದೇ ಭಟ್ಟಿಯಲ್ಲಿ ಬೇರೆ ಬೇರೆ ಮದ್ಯಗಾರರು ತಮ್ಮತಮ್ಮ ಕ್ರಮದಲ್ಲಿ ಕಾಯಿಸಿ ತಮ್ಮ ಹೆಸರಿನ ಚೀಟಿ ಅಂಟಿಸುತ್ತಾರೆ. ಹುದುಗಿಗೆ ಪೇಟೆಯ ಪುಡಿ ಬಳಸದೆ, ಬೇಯಿಸಿದ ಬಾರ್ಲಿಯ ಮೇಲೆ ‘ಒತಾನಿವತಾರಿ’ ಎಂಬ ಅಗಲ ಎಲೆಯ ಜರಿಗಿಡದ ಎಲೆ ಹೊದಿಸಿ, ಗಾಳಿಯಲ್ಲಿರುವ ಬೂಷ್ಟನ್ನೇ ಹಿಡಿಸುವುದು ಹಳೆಯ ಪದ್ಧತಿ. ಹೀಗೆ ಮಾಡಿದ್ದರಲ್ಲಿ ಒಬ್ಬರದು ಇನ್ನೊಬ್ಬರದಂತಿರುವುದಿಲ್ಲ, ಒಬ್ಬರದೇ ಆದರೂ ಈ ವರ್ಷದ್ದು ಹೋದ ವರ್ಷದ್ದರಂತಿರುವುದಿಲ್ಲ. ಮಣ್ಣಿನ, ಹೊಗೆಯ ವಾಸನೆ ಇಷ್ಟಪಡದವರು ಕಡಿಮೆ ಮದ್ಯಾಂಶದ ಬಾಟಲಿಯಿಂದ ಶುರುಮಾಡಲಿ. 35 ಪ್ರತಿಶತದ್ದು ಮೊದಲ ಗುಟುಕಿಗಲ್ಲ. ಹೆಲಿಕಾಪ್ಟರಿನಲ್ಲಿ ಮರಳುವವರು ಒಂದು ಗಾಜಿನ ಬಾಟಲಿ ಕಿಲೋ ದಾಟುತ್ತದೆಂಬುದನ್ನು ನೆನಪಿಡಬೇಕು. ಅದರ ಲೆಕ್ಕ ಮುಂದೆ ಬರುತ್ತದೆ.

ವಸತಿಗೆ ಹೋಟೆಲ್ ಇಲ್ಲ. ಇರುವುದು ಮಿನ್‌ಶುಕು ಎನ್ನುವ ಮನೆವಸತಿಗಳು, ಕೈಬೆರಳೆಣಿಕೆಯಷ್ಟು. ಮಧ್ಯಾಹ್ನ ತಿನ್ನಲು ಉಪಾಹಾರ ಗೃಹವೂ ಇಲ್ಲದ ಕಾರಣ ಮೂರು ಹೊತ್ತಿನ ಊಟ ಸೇರಿಸಿಯೇ ಬಾಡಿಗೆ ಹೇಳುತ್ತಾರೆ; ಒಬ್ಬರಿಗೆ ದಿನಕ್ಕೆ ಹತ್ತು ಸಾವಿರ ಯೆನ್ ಹಿಡಿದು ಲೆಕ್ಕ ಹಾಕಿ. ಕೋಣೆ ಸಾದಾ, ಸ್ನಾನದ ಮನೆ ಎಲ್ಲರಿಗೂ ಒಂದೇ, ಊಟ ಚೆನ್ನ: ಆ ದಿನದ ಮೀನು, ಆಶಿತಾಬ ಸೊಪ್ಪನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರ, ದ್ವೀಪದ ಹಸಿಮೆಣಸಿನಕಾಯಿ ಸೋಯಾದಲ್ಲಿ ನೆನೆಸಿದ ಖಾರದ ರಸ. ‘ಕುಸಾಯ’ ಎಂಬ ಹುಳಿಸಿದ ಒಣಮೀನು ಬಂದರೆ ವಾಸನೆಗೆ ಮುಖ ತಿರುಗಿಸುವ ಮೊದಲು ಒಂದು ಎಳೆ ತಿಂದು ನೋಡಿ. ಅವೊಚು ಜೊತೆಗೆ ಅದು ಸರಿಹೊಂದುತ್ತದೆ. ಪೂರ್ಣ ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿದೆ. ಸೊಪ್ಪಿನ ಸಾರಿಗೂ ದಾಶಿ ಎಂಬ ಮೀನಿನ ತಿಳಿರಸ ಬೆರೆತಿರುತ್ತದೆ. ಬುಕ್ ಮಾಡುವಾಗಲೇ ಜಪಾನಿ ಭಾಷೆಯಲ್ಲಿ ಬರೆದು ತಿಳಿಸಿ, ಒಲೆಯನ್ನು ನಂಬಿ ಬೇಳೆ ಅಕ್ಕಿ ಜೊತೆಗಿರಲಿ. ಹಬೆಯಲ್ಲಿ ಅನ್ನ ಆಗುತ್ತದೆ, ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ ಮುಚ್ಚಳವಿರುವ ಡಬ್ಬಿಯಲ್ಲಿ ನೀರಿನ ಸಮೇತ ಇಡಬೇಕು ಅಷ್ಟೆ. ಕುಡಿಯುವ ನೀರು ಬೆಟ್ಟದ ಇಳಿಜಾರಿನಲ್ಲಿ ಹಿಡಿದ ಮಳೆನೀರನ್ನು ಶುದ್ಧಮಾಡಿದ್ದು. ನಲ್ಲಿ ಬಿಟ್ಟು ಹಲ್ಲುಜ್ಜುವ ಅಭ್ಯಾಸ ಇಲ್ಲಿ ಬೇಡ. ಹಣ ನಗದಿನಲ್ಲಿರಲಿ.

ಇನ್ನು ಎರಡೂವರೆ ಅಂಕದ ವಿಷಯ.

ಟೋಕಿಯೊದಿಂದ ನೇರ ದಾರಿ ಇಲ್ಲ. ಮೊದಲು ಹಾಚಿಜೊಜಿಮ ಸೇರಬೇಕು. ಟೋಕಿಯೊದ ತಾಕೆಶಿಬ ಬಂದರಿನಿಂದ ರಾತ್ರಿ 10:30ಕ್ಕೆ ಹೊರಡುವ ತಾಚಿಬಾನ ಮಾರು ಹಡಗು ಮರುದಿನ ಬೆಳಗ್ಗೆ ಒಂಬತ್ತರ ಸುಮಾರಿಗೆ ಮುಟ್ಟಿಸುತ್ತದೆ. ಇಲ್ಲವೇ ಟೋಕಿಯೊದ ಹಾನೆದಾ ನಿಲ್ದಾಣದಿಂದ ವಿಮಾನ, 55 ನಿಮಿಷ. ಅಲ್ಲಿಂದ ಮುಂದಿನ 70 ಕಿ.ಮೀ.ಗೆ ಎರಡು ದಾರಿ. ಹಡಗು 9:30ಕ್ಕೆ ಹೊರಟು 12:30ಕ್ಕೆ ಅವೊಗಶಿಮ ಸೇರಿ, ಕಾಲು ಗಂಟೆಯಲ್ಲಿ ಸರಕು ಜನ ಇಳಿಸಿ ಹತ್ತಿಸಿಕೊಂಡು 12:45ಕ್ಕೆ ತಿರುಗುತ್ತದೆ. ಹೆಲಿಕಾಪ್ಟರ್ ಹಾಚಿಜೊಜಿಮ ವಿಮಾನ ನಿಲ್ದಾಣದಿಂದ 9:20ಕ್ಕೆ ಎದ್ದು 9:40ಕ್ಕೆ ಇಳಿದು 9:45ಕ್ಕೆ ವಾಪಸ್. ಹಡಗಿಗೆ ಮೂರು ಸಾವಿರ ಯೆನ್ ಆಸುಪಾಸು, ಹೆಲಿಕಾಪ್ಟರಿಗೆ ಹತ್ತು ಸಾವಿರ ದಾಟುತ್ತದೆ. ವೇಳೆ, ದರ ಆಗಾಗ ಬದಲಾಗುತ್ತವೆ. ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಈ ವೇಳಾಪಟ್ಟಿಯನ್ನು ಓದುವುದೇ ಒಂದು ಕಲೆ. ರಾತ್ರಿ ಹಡಗಿನಲ್ಲಿ ಬಂದವರಿಗೆ ಅದೇ ದಿನದ ಹೆಲಿಕಾಪ್ಟರ್ ಹಿಡಿಯುವುದು ಅಸಾಧ್ಯಕ್ಕೆ ಹತ್ತಿರ. ಅವರಿಗೆ ಮುಂದಿನ ಹಡಗೇ ಸರಿ. ಬೆಳಗಿನ ಮೊದಲ ವಿಮಾನಕ್ಕೆ ಹೆಲಿಕಾಪ್ಟರ್ ಜೋಡಿ, ಆದರೆ ನಡುವೆ ಇರುವುದು ಒಂದು ಗಂಟೆಗೂ ಕಡಿಮೆ. ವಿಮಾನ ತಡವಾದರೆ ಕಾಯುತ್ತಾರೆಂಬ ನಂಬಿಕೆ ಬೇಡ. ಹಾಚಿಜೊಜಿಮದಲ್ಲಿ ಬಂದರುಗಳು ಎರಡು, ಸೊಕೊದೊ ಮತ್ತು ಯಾಏನೆ, ದ್ವೀಪದ ಎರಡು ಬದಿಗೆ. ಅಲೆ ಯಾವ ಕಡೆ ಕಡಿಮೆಯೋ ಅಲ್ಲಿಂದ ಹಡಗು. ಇಳಿದದ್ದು ಒಂದರಲ್ಲಿ, ಹತ್ತಬೇಕಾದದ್ದು ಇನ್ನೊಂದರಲ್ಲಿ ಎಂದಾದರೆ ಅರ್ಧ ಗಂಟೆಯೊಳಗೆ ಟ್ಯಾಕ್ಸಿಯಲ್ಲಿ ದಾಟಬೇಕು. ಹೆಲಿಕಾಪ್ಟರಿನಲ್ಲಿ ಸೀಟು ಒಂಬತ್ತೇ. ಒಂದು ತಿಂಗಳ ಮುಂಚೆ ಬುಕಿಂಗ್ ತೆರೆದ ಬೆಳಗ್ಗೆಯೇ ತುಂಬುವ ದಿನಗಳಿವೆ. ಸಾಮಾನು ಐದು ಕಿಲೋವರೆಗೆ ಉಚಿತ, ಆಮೇಲೆ ಕಿಲೋ ಲೆಕ್ಕದಲ್ಲಿ ದುಡ್ಡು. ಎರಡು ಅವೊಚು ಬಾಟಲಿ, ಒಂದು ಕ್ಯಾಮೆರಾ ಎಂದರೆ ಐದು ಕಿಲೋ ಮುಗಿದಂತೆ; ಭಾರವನ್ನು ಅಂಚೆಯಲ್ಲಿ ಕಳಿಸುವುದು ಅಗ್ಗ.

ಹಡಗು ಪ್ರತಿದಿನ ಇಲ್ಲ, ಇರುವ ದಿನಗಳಲ್ಲೂ ವರ್ಷದ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಲ ಮಾತ್ರ ಹೋಗಿ ಸೇರುತ್ತದೆ. ಕಾರಣ ಸಾನ್‌ಪೊ ಬಂದರು. ಕಡಿದಾದ ಬಂಡೆಯ ಬುಡಕ್ಕೆ ಕಾಂಕ್ರೀಟ್ ಮೆತ್ತಿ, ತೆರೆದ ಸಮುದ್ರಕ್ಕೆ ಚಾಚಿದ ಒಂದು ಜಗುಲಿ ಅದು. ಅಲೆ ತಡೆಯುವ ಕೊಲ್ಲಿ ಇಲ್ಲದ್ದರಿಂದ ಊರಿನ ಮೀನುದೋಣಿಗಳನ್ನೂ ನೀರಿನಲ್ಲಿ ಕಟ್ಟಿ ಬಿಡುವಂತಿಲ್ಲ. ಕೆಲಸ ಮುಗಿದ ಕೂಡಲೇ ತಂತಿಯಲ್ಲಿ ತೂಗುಹಾಕಿ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ದೋಣಿಗಳು ಆಕಾಶದಲ್ಲಿ ತೇಲಿ ಬರುವ ಆ ದೃಶ್ಯ ನೋಡಿದ ಮೇಲೆ ಹಡಗು ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. 1956ರವರೆಗೆ ಈ ಊರಿನವರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಅವಕಾಶವೇ ಇರಲಿಲ್ಲ, ಸಂಪರ್ಕ ಅಷ್ಟು ಅನಿಶ್ಚಿತ. ಆ ದಿನಗಳಿಗೆ ಹೋಲಿಸಿದರೆ ಈಗಿನ ಹಡಗು ಅರಮನೆ.

ಚಳಿಗಾಲದಲ್ಲಿ ಪಶ್ಚಿಮದ ಗಾಳಿ ನೇರ ಈ ಜಗುಲಿಗೆ ಅಪ್ಪಳಿಸುತ್ತದೆ; ಆಗ ಹಡಗನ್ನು ನಂಬಿ ಹೊರಡುವುದು ಜೂಜು. ಹೆಲಿಕಾಪ್ಟರಿನ ಶತ್ರು ಅಲೆಯಲ್ಲ, ಮಂಜು. ಇಳಿದಾಣ ಹಳ್ಳಿಯ ಎತ್ತರದಲ್ಲೇ ಇರುವುದರಿಂದ, ಸಮುದ್ರ ಶಾಂತವಾಗಿದ್ದರೂ ಅಂಚಿನ ಮೇಲೆ ಮೋಡ ಕೂತರೆ ಹಾರಾಟ ರದ್ದು. ಜೂನ್ ಜುಲೈ ಮಳೆಯ ತಿಂಗಳುಗಳಲ್ಲಿ ಇದು ಮಾಮೂಲು. ಬೇಸಿಗೆಯ ಕೊನೆ, ಶರತ್ಕಾಲಕ್ಕೆ ಚಂಡಮಾರುತಗಳ ಕಾಟ. ಇದ್ದುದರಲ್ಲಿ ಏಪ್ರಿಲ್ ಕೊನೆಯಿಂದ ಮೇ ತಿಂಗಳು ವಾಸಿ. ಎಲ್ಲಕ್ಕಿಂತ ಮುಖ್ಯ: ವಾಪಸ್ ಬರುವ ದಿನದ ನಂತರ ಎರಡು ದಿನ ಖಾಲಿ ಇಟ್ಟುಕೊಳ್ಳಿ, ಆ ಎರಡು ದಿನದ ವಸತಿಯ ದುಡ್ಡನ್ನೂ ಬೇರೆ ತೆಗೆದಿಡಿ, ಹಾಚಿಜೊಜಿಮದಿಂದ ಮುಂದಿನ ವಿಮಾನಕ್ಕೆ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ. ಹೋಗುವಾಗ ಹೆಲಿಕಾಪ್ಟರ್, ಬರುವಾಗ ಹಡಗು ಎಂದು ಹಂಚಿಕೊಳ್ಳುವುದು ಒಳ್ಳೆಯ ಉಪಾಯ. ಬೋಗುಣಿಯ ಹೊರಗೋಡೆ ಎಷ್ಟು ಕಡಿದು ಎಂಬುದು ಹಡಗಿನಿಂದಲೇ ಕಾಣಬೇಕು.

ಅಂದಹಾಗೆ ಮೇಲಿನಿಂದ ಬೋಗುಣಿ ನೋಡುವ ಜಾಗಗಳನ್ನು ಬಿಡಬೇಡಿ. ಓಯಾಮ ವೀಕ್ಷಣಾ ತಾಣಕ್ಕೆ ನಡಿಗೆ ಸುಲಭ. ಒತೊಂಬು ಶಿಖರದ ದಾರಿಯಲ್ಲಿ ತೊದಾಯ್‌ಶೊ ಗುಡಿಯ ಉರುಟುಕಲ್ಲಿನ ಮೆಟ್ಟಿಲುಗಳಿವೆ, ಕಡಿದು, ಪಾಚಿ ಹಿಡಿದವು. ಮಳೆ ಬಿದ್ದ ಮರುದಿನ ಆ ಮೆಟ್ಟಿಲು ಬೇಡ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದು ಹೆಚ್ಚು, ಬೆಳಗ್ಗೆಯೇ ಹತ್ತಿ. ಮರುಯಾಮ ಸುತ್ತುವುದು ಅರ್ಧ ಗಂಟೆಯ ಕೆಲಸ. ಅದನ್ನು ಗೆಣಸು ಬೇಯುವ ಹೊತ್ತಿಗೆ ಹೊಂದಿಸಿಕೊಳ್ಳಬಹುದು.

ಹೊರಡುವ ದಿನ ಬೆಳಗ್ಗೆ ಊರಿನ ಧ್ವನಿವರ್ಧಕದಲ್ಲಿ ಹಡಗಿನ ಸುದ್ದಿ ಬರುತ್ತದೆ. ಮಾತು ಅರ್ಥವಾಗದಿದ್ದರೆ ಮನೆಯವರ ಮುಖ ನೋಡಿದರೂ ತಿಳಿಯುತ್ತದೆ. ಉತ್ತರ ಮೂರರಲ್ಲಿ ಒಂದು: ಬರುತ್ತದೆ, ಇಲ್ಲ, ಅಥವಾ ‘ಷರತ್ತಿನ ಮೇಲೆ’. ಮೂರನೆಯದೇ ಪೇಚಿನದು. ಹಡಗು ಹಾಚಿಜೊಜಿಮದಿಂದ ಹೊರಟಿದೆ, ಆದರೆ ಜಗುಲಿಗೆ ತಾಗಲು ಆಗದಿದ್ದರೆ ಬಂದ ದಾರಿಯಲ್ಲೇ ತಿರುಗುತ್ತದೆ ಎಂದು ಅದರ ಅರ್ಥ. ಅಂಥ ದಿನ ಚೀಲ ಕಟ್ಟಿಕೊಂಡು ಹನ್ನೆರಡಕ್ಕೇ ಬಂದರಿಗೆ ಇಳಿಯಿರಿ, ಕೋಣೆ ಮಾತ್ರ ಖಾಲಿ ಮಾಡಬೇಡಿ.